ಕೆಂಪು ಸ್ಪೀಕರ್ ಮತ್ತು ಗುರುವಾರದ ಡೌಟುಗಳು

"ಇದು ಬೇಡ ಸರ್. ಇದರಲ್ಲಿ ಸೌಂಡ್ ಏರಿಸಿದ್ರೆ ಬಾಸ್ ಒಡೆಯುತ್ತೆ."

ವಾಷಿಂಗ್ ಮಷೀನುಗಳ ಸಾಲಿನ ಹಿಂದೆ ನಿಂತಿದ್ದ ನನಗೆ ಆ ಮಾತು ಸ್ಪಷ್ಟವಾಗಿ ಕೇಳಿಸಿತು. ದನಿ ಅಂಗಡಿಯ ಆ ಸೇಲ್ಸ್‌ಮನ್ನನದೇ. ಅವನ ಕೈ ಇದ್ದದ್ದು ನನ್ನ ಕೆಂಪು ಸ್ಪೀಕರಿನ ಮೇಲೆಯೇ.

"ನೋಡೋಕೆ ಮುದ್ದಾಗಿದೆಯಲ್ಲ," ಎಂದಳು ಗಿರಾಕಿಯ ಹೆಂಡತಿ.

"ನೋಡೋಕೆ ಅಷ್ಟೇ ಮೇಡಮ್. ಹತ್ತು ತಿಂಗಳಿಂದ ಇಲ್ಲೇ ಕೂತಿದೆ. ಚೆನ್ನಾಗಿದ್ದಿದ್ರೆ ಇಷ್ಟು ದಿನ ಯಾರಾದ್ರೂ ಬಿಡ್ತಿದ್ರಾ? ಬನ್ನಿ, ಆ ಕಡೆ ಕಪ್ಪುದೊಂದಿದೆ, ತೋರಿಸ್ತೀನಿ."

ಇದೇ ಮನುಷ್ಯ, ಇದೇ ಸ್ಪೀಕರಿನ ಮೇಲೆ ಇದೇ ಕೈ ಇಟ್ಟು, ಹತ್ತು ತಿಂಗಳ ಹಿಂದೆ ನನಗೆ ಹೇಳಿದ್ದ: "ಈ ರೇಟಿಗೆ ಇಂಥ ಸೌಂಡ್ ಬೇರೆಲ್ಲೂ ಸಿಗಲ್ಲ ಮೇಡಮ್. ಆದ್ರೆ ಈಗ್ಲೇ ತಗೋಬೇಡಿ. ಬೆಲೆ ಇಳಿಯುತ್ತೆ, ಕಾಯಿರಿ."

ನಾನು ಅಂಗಡಿಯವರ ಮಾತಿಗೆ ಮರುಳಾಗುವವಳಲ್ಲ. ಒಂದು ಚಾರ್ಜರ್ ಕೊಳ್ಳುವ ಮುಂಚೆ ನಲವತ್ತು ರಿವ್ಯೂ ಓದುತ್ತೇನೆ. ಅಣ್ಣ ಬೇಡವೆಂದು ಡ್ರಾಯರಿಗೆ ಎಸೆದ ಫೋನಿಗೆ ಹೊಸ ಬ್ಯಾಟರಿ ಹಾಕಿಸಿ ನಾಲ್ಕನೇ ವರ್ಷ ಓಡಿಸುತ್ತಿದ್ದೇನೆ. "ಇವಳು ಮದುವೆ ಗಂಡನ್ನೂ ಡಿಸ್ಕೌಂಟ್ ಬಿದ್ದಾಗಲೇ ನೋಡೋದು," ಎಂದು ಅಣ್ಣ ನೆಂಟರ ಮುಂದೆ ಹೇಳುತ್ತಿರುತ್ತಾನೆ. ಇಂಥ ನಾನು ಇಡೀ ಪೇಟೆಯಲ್ಲಿ ನಂಬಿದ್ದು ಒಬ್ಬನ ಮಾತನ್ನು.

ಅವನ ಅಂಗಿಯ ಬ್ಯಾಡ್ಜಿನ ಮೇಲೆ ಈಗಲೂ 'ಟ್ರೇನಿ' ಎಂದೇ ಇದೆ. ಅಂಗಡಿ ಸೇರಿ ಮೂರು ವರ್ಷ ಕಳೆದರೂ ಯಜಮಾನರಿಗೆ ಹೊಸ ಬ್ಯಾಡ್ಜ್ ಮಾಡಿಸುವ ಮನಸ್ಸಾಗಿಲ್ಲ. ಮೂವತ್ತು ದಾಟಿದ, ಕಿವಿಯ ಪಕ್ಕ ಒಂದೆರಡು ಕೂದಲು ನರೆತ ಟ್ರೇನಿ.

ನಾನು ಮೊದಲ ಸಲ ಒಳಗೆ ಬಂದದ್ದು ಕಳೆದ ಜೂನಿನಲ್ಲಿ, ಬಸ್ಸು ತಡವಾಗಿದ್ದಕ್ಕೆ. ಅಂಗಡಿಯ ಗಾಜಿಗೆ ಎಂಟೇ ಹೆಜ್ಜೆ ದೂರದಲ್ಲಿ ನನ್ನ ಬಸ್ ಸ್ಟಾಪು. ಅರ್ಧ ಬ್ರೆಡ್ಡಿನಷ್ಟು ಉದ್ದದ, ಇಟ್ಟಿಗೆ ಬಣ್ಣದ ಆ ಸ್ಪೀಕರು ಶೆಲ್ಫಿನ ತುದಿಯಲ್ಲಿ ಕೂತಿತ್ತು. ಬೆಲೆ ಹದಿನಾಲ್ಕು ಸಾವಿರ. ನನ್ನ ಮಿತಿ ಒಂಬತ್ತು.

"ನಿಮ್ಮ ಫೋನ್ ಜೋಡಿಸಿ ಕೇಳಿ ನೋಡಿ," ಎಂದ.

ಜೋಡಿಸಿದೆ. 'ಟಿ-ಡಿಂ' ಎಂದಿತು. ಎರಡೇ ಸ್ವರ, ಎರಡನೆಯದು ತುಸು ಮೇಲೆ. ಹಾಡು ಶುರುವಾದ ಮೇಲೆ ನಾವಿಬ್ಬರೂ ಸ್ಪೀಕರನ್ನೇ ನೋಡುತ್ತ ನಿಂತೆವು. ಅಪರಿಚಿತರಿಬ್ಬರು ಸುಮ್ಮನೆ ಪಕ್ಕಪಕ್ಕ ನಿಲ್ಲಲು ಅಷ್ಟು ಒಳ್ಳೆಯ ನೆಪ ಇನ್ನೊಂದಿಲ್ಲ.

"ನೀವೇನ್ ಕೆಲಸ ಮಾಡ್ತೀರಿ?"

"ಕಂಪನಿ ಒಂದರಲ್ಲಿ ಸಂಬಳದ ವಿಭಾಗ. ಮುನ್ನೂರು ಜನರ ಟ್ಯಾಕ್ಸು ನನ್ನ ತಲೆ ಮೇಲೆ."

ಅವನ ಹುಬ್ಬು ಮೇಲೇರಿತು. "ಹಾಗಾದ್ರೆ ನಂದೊಂದು ಡೌಟು."

ಅಲ್ಲಿಂದ ಶುರು. ಗುರುವಾರ ನಮ್ಮ ಆಫೀಸು ಅರ್ಧ ಗಂಟೆ ಬೇಗ ಮುಚ್ಚುತ್ತದೆ. ಪ್ರತಿ ಗುರುವಾರ ನಾನು ಸ್ಪೀಕರಿನ ಬೆಲೆ ನೋಡಲು ಒಳಗೆ ಹೋಗುವುದು, ಅವನು ಒಂದು ಡೌಟು ಕೇಳುವುದು. ಬಾಡಿಗೆ ರಸೀದಿ ಕಳೆದುಹೋದರೆ ಏನು ಮಾಡಬೇಕು? ಅಮ್ಮನ ಕಣ್ಣಿನ ಆಪರೇಷನ್ ಖರ್ಚು ತೋರಿಸಬಹುದಾ? ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗೆ ವರ್ಷಕ್ಕೆಷ್ಟು ಸವಕಳಿ? ಕೆಲವಕ್ಕೆ ನನಗೂ ಉತ್ತರ ಗೊತ್ತಿರುತ್ತಿರಲಿಲ್ಲ. ಮನೆಗೆ ಹೋಗಿ ಸುತ್ತೋಲೆಗಳನ್ನು ಓದುತ್ತಿದ್ದೆ. ಸುತ್ತೋಲೆ ಓದುತ್ತ ನಗುವ ಹೆಂಗಸು ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು.

"ನಿಮ್ಗೆ ಇಷ್ಟೊಂದು ಡೌಟ್ ಎಲ್ಲಿಂದ ಬರುತ್ತೆ?" ಎಂದು ಒಮ್ಮೆ ಕೇಳಿದ್ದೆ.

"ವಾರವಿಡೀ ಕೂಡಿಡ್ತೀನಿ. ನೀವು ದುಡ್ಡು ಕೂಡಿಡಲ್ವಾ, ಹಾಗೆ."

ಗುರುವಾರ ಬಿಟ್ಟು ಉಳಿದ ದಿನಗಳದ್ದು ಇನ್ನೊಂದು ಕಥೆ. ಮೊದಲ ದಿನ ಜೋಡಿಸಿದ ಫೋನನ್ನು ನಾನು ಬಿಡಿಸಿಯೇ ಇರಲಿಲ್ಲ. ಸಂಜೆ ಆರು ಹತ್ತಕ್ಕೆ ಸ್ಟಾಪಿಗೆ ಬಂದು ನಿಂತೊಡನೆ ನನ್ನ ಫೋನು ತಾನೇ ತಾನಾಗಿ ಗಾಜಿನಾಚೆಯ ಸ್ಪೀಕರನ್ನು ಹಿಡಿಯುತ್ತಿತ್ತು. ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಗುರುತು ಮೂಡುತ್ತಿತ್ತು. ಒಳಗೆ 'ಟಿ-ಡಿಂ' ಎಂದಿರಬೇಕು, ನನಗೆ ಕೇಳಿಸುತ್ತಿರಲಿಲ್ಲ. ಆದರೆ ಕಾಣಿಸುತ್ತಿತ್ತು. ಅವನು ಫ್ರಿಜ್ಜಿನ ಬಾಗಿಲು ತೆರೆದು ಯಾರಿಗೋ ತೋರಿಸುತ್ತಿರಲಿ, ಏಣಿಯ ಮೇಲಿರಲಿ, ತಲೆ ಎತ್ತಿ ನೆಟ್ಟಗೆ ಸ್ಟಾಪಿನ ಕಡೆ ನೋಡುತ್ತಿದ್ದ. ನಾನು ಬಸ್ಸಿನ ವೇಳಾಪಟ್ಟಿ ಓದುತ್ತಿದ್ದೆ. ಆ ಪಟ್ಟಿ ನನಗೆ ಬಾಯಿಪಾಠ.

ಬ್ಲೂಟೂತ್ ಆನ್ ಇಟ್ಟರೆ ಬ್ಯಾಟರಿ ದಿನಕ್ಕೆ ಮೂರು ಪರ್ಸೆಂಟ್ ಹೆಚ್ಚು ಇಳಿಯುತ್ತದೆ. ನಾನು ಅಳೆದಿದ್ದೇನೆ. ಆದರೂ ಆಫ್ ಮಾಡಲಿಲ್ಲ. ಅವನೂ ಎಂದೂ ಆ ವಿಷಯ ಎತ್ತಲಿಲ್ಲ.

ಈ ಗುರುವಾರ ಮಾತ್ರ ಫೋನು ಐದು ಗಂಟೆಗೇ ಸತ್ತಿತ್ತು. ನಾಳೆ ಹಣಕಾಸು ವರ್ಷದ ಕೊನೆಯ ದಿನ. ಮುನ್ನೂರು ನೌಕರರಲ್ಲಿ ಅರ್ಧ ಜನರಿಗೆ ಇವತ್ತೇ ತಮ್ಮ ರಸೀದಿಗಳ ನೆನಪಾಗಿ, ಒಬ್ಬರಾದ ಮೇಲೊಬ್ಬರು ಕರೆ ಮಾಡಿದ್ದರು. ಹಾಗಾಗಿ ಸ್ಪೀಕರು ಸದ್ದು ಮಾಡಲಿಲ್ಲ, ನಾನು ಒಳಗೆ ಬಂದದ್ದು ಅವನಿಗೆ ತಿಳಿಯಲಿಲ್ಲ.

ಗಂಡಹೆಂಡಿರು ಕಪ್ಪು ಸ್ಪೀಕರು ಹಿಡಿದು ಹೋದ ಮೇಲೆ ನಾನು ಈಚೆ ಬಂದೆ.

"ಬಾಸ್ ಒಡೆಯುತ್ತಾ?"

ಅವನು ತಿರುಗಿದ. ಮುಖದ ಬಣ್ಣ ಇಳಿಯಿತು. "ನೀವು ಯಾವಾಗ ಬಂದ್ರಿ?"

"ಸಾಕಷ್ಟು ಹೊತ್ತಾಯ್ತು. ಹೇಳಿ, ನನಗೆ ಹೇಳಿದ್ದು ನಿಜಾನಾ, ಅವರಿಗೆ ಹೇಳಿದ್ದು ನಿಜಾನಾ?"

"ಮೇಡಮ್, ಅದು..."

"ಬರೋರಿಗೆಲ್ಲ ಒಂದೊಂದು ಥರ ಹೇಳೋದಾದ್ರೆ ನಾನು ಹತ್ತು ತಿಂಗಳು ಇಲ್ಲಿಗ್ಯಾಕೆ ಅಲೆದೆ?"

ಅಷ್ಟರಲ್ಲಿ ಕೌಂಟರಿನಿಂದ ಯಜಮಾನರು ಕೂಗಿದರು: "ಏಯ್, ನಾಳೆ ಸ್ಟಾಕ್ ಎಣಿಕೆ. ಆ ಕೆಂಪು ಪೀಸು ನನ್ನ ಕಣ್ಣಿಗೆ ಬೀಳಬಾರದು. ಎಂಟೂವರೆಗೆ ಕೊಟ್ಟು ಕಳಿಸು!"

ಎಂಟೂವರೆ ಸಾವಿರ. ನನ್ನ ಮಿತಿಗಿಂತ ಕೆಳಗೆ. ಅವನು ನನ್ನನ್ನು ನೋಡಿದ.

"ನನಗೆ ಬೇಡ. ಒಡೆದ ಬಾಸು ಇಟ್ಕೊಂಡು ಏನ್ಮಾಡ್ಲಿ?" ಎಂದು ಹೊರಟುಬಂದೆ.

ಮನೆಯಲ್ಲಿ ಅಮ್ಮ ಸೋಫಾ ತುಂಬ ಬಟ್ಟೆ ಹರಡಿಕೊಂಡು ಮಡಚುತ್ತಿದ್ದಳು. ಅಣ್ಣ ರಿಮೋಟಿನ ಸೆಲ್ ಬದಲಿಸುತ್ತಿದ್ದ. ಬ್ಯಾಗನ್ನು ನಾನು ಇಟ್ಟ ಸದ್ದಿಗೇ ಇಬ್ಬರೂ ತಲೆ ಎತ್ತಿದರು. ನಡೆದದ್ದನ್ನೆಲ್ಲ ಹೇಳಿದೆ. ಗಾಜಿನ ವಿಷಯ, ತಲೆ ಎತ್ತುವ ವಿಷಯ ಬಿಟ್ಟು.

"ಆಡಿಟರಮ್ಮ ಮೋಸ ಹೋದ್ಲು!" ಎಂದು ಅಣ್ಣ ನಕ್ಕ. "ಇರ್ಲಿ, ನಿನ್ನ ಸ್ಪೀಕರ್ ಖಾತೇಲಿ ಎಷ್ಟು ಜಮಾ ಆಗಿದೆ? ಅದನ್ನಾದ್ರೂ ಹೇಳು."

ಆ ಖಾತೆ ಬೇರೆಯೇ ಇದೆ. ನಿಲ್ಲಿಸಿದ ಸಬ್‌ಸ್ಕ್ರಿಪ್ಷನ್ನುಗಳ ದುಡ್ಡು, ಆಟೋ ಬಿಟ್ಟು ಬಸ್ಸು ಹತ್ತಿದ್ದರ ಉಳಿತಾಯ, ಎಲ್ಲ ಅಲ್ಲಿಗೆ. ಚಾರ್ಜಿಗೆ ಹಾಕಿದ್ದ ಫೋನನ್ನು ಅಣ್ಣನೇ ತೆಗೆದು ನೋಡಿದ.

"ಇಪ್ಪತ್ತೊಂದು ಸಾವಿರ!" ಅವನ ನಗು ನಿಂತಿತು. "ಸ್ಪೀಕರಿಗೆ ಪೂರ್ತಿ ಬೆಲೆ ಕೊಟ್ರೂ ಹದಿನಾಲ್ಕು ಅಲ್ವೇನೇ? ಹದಿನಾಲ್ಕು ಆಗಿದ್ದು ಯಾವಾಗ?"

"ನವೆಂಬರ್‌ನಲ್ಲಿ."

"ನಾಲ್ಕು ತಿಂಗಳಿಂದ ದುಡ್ಡಿಟ್ಕೊಂಡು ಬೆಲೆ ನೋಡೋಕೆ ಹೋಗ್ತಿದ್ದೀಯಾ?"

ನಾನು ಅಮ್ಮನ ಪಕ್ಕದ ಟವಲ್ಲನ್ನು ತೆಗೆದುಕೊಂಡು ಮಡಚತೊಡಗಿದೆ. ಅದು ಆಗಲೇ ಮಡಚಿದ್ದ ಟವಲ್ಲು.

ಅಮ್ಮ ಅದನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು. "ಅವನು ಸುಳ್ಳು ಹೇಳಿದ ಅಂತೀಯಲ್ಲ. ಸುಳ್ಳು ಹೇಳಿದ್ದು ಯಾರಿಗೆ? ನಿನಗೋ, ಅವರಿಗೋ?"

ಆಗ ನೆನಪಾಯಿತು, ಲಕೋಟೆ. ಹೋದ ಗುರುವಾರ ಅವನು ಸ್ಟೇಪಲ್ ಹಾಕಿದ ಒಂದು ಲಕೋಟೆ ಕೊಟ್ಟಿದ್ದ. "ನನ್ನ ಸಂಬಳದ ಸ್ಲಿಪ್ಪು. ಟ್ಯಾಕ್ಸ್ ಫಾರಂ ತುಂಬೋಕೆ ಬೇಕಾಗುತ್ತಲ್ಲ. ಪುರುಸೊತ್ತಾದಾಗ ನೋಡಿ," ಎಂದಿದ್ದ. ಅಂದು ಡೌಟೇನೂ ಕೇಳಿರಲಿಲ್ಲ. ವರ್ಷಾಂತ್ಯದ ಗಡಿಬಿಡಿಯಲ್ಲಿ ಅದು ಬ್ಯಾಗಿನಲ್ಲೇ ಉಳಿದಿತ್ತು.

ಊಟದ ಮೇಜಿನ ಮೇಲೆ ಸ್ಟೇಪಲ್ ಬಿಚ್ಚಿದೆ. ಒಂದೇ ಹಾಳೆ. ತಿಂಗಳಿಗೆ ಮುನ್ನೂರು ಸ್ಲಿಪ್ಪು ನೋಡುವ ಕಣ್ಣಿಗೆ ಒಂದು ಕ್ಷಣ ಸಾಕಿತ್ತು. ಆ ಸಂಬಳಕ್ಕೆ ಟ್ಯಾಕ್ಸು ಬೀಳುವುದೇ ಇಲ್ಲ. ಮಿತಿಯ ಅರ್ಧದಷ್ಟೂ ಇಲ್ಲ. ಬಾಡಿಗೆ ರಸೀದಿ, ಕಣ್ಣಿನ ಆಪರೇಷನ್, ಸವಕಳಿ, ಒಂದೂ ಅವನಿಗೆ ಬೇಕಿರಲಿಲ್ಲ.

ಆ ಹಾಳೆಯನ್ನು ಎರಡನೇ ಸಲ ಓದಿದೆ.

ಶುಕ್ರವಾರ ಸ್ಟಾಪಿಗೆ ಬಂದಾಗ ಆರು ಹತ್ತು. ಫೋನು ನೂರು ಪರ್ಸೆಂಟ್. ಮೂಲೆಯಲ್ಲಿ ಗುರುತು ಮೂಡಲಿಲ್ಲ. ಬ್ಲೂಟೂತ್ ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಇಲ್ಲ. ಒಳಗೆ ಹೋದೆ. ಶೆಲ್ಫಿನ ತುದಿಯಲ್ಲಿ ಧೂಳಿಲ್ಲದ ಒಂದು ಚೌಕ ಮಾತ್ರ ಉಳಿದಿತ್ತು.

ಅವನು ಸ್ಟಾಕಿನ ಪಟ್ಟಿ ಹಿಡಿದು ಮಿಕ್ಸಿಗಳನ್ನು ಎಣಿಸುತ್ತಿದ್ದ.

"ಮಾರಿಬಿಟ್ರಾ?"

"ಬೆಳಿಗ್ಗೆ. ರಿಟೈರಾದ ಡ್ಯಾನ್ಸ್ ಟೀಚರ್ ಒಬ್ರು ಬಂದಿದ್ರು. ಮನೇಲಿ ಮಕ್ಕಳಿಗೆ ಹೇಳಿಕೊಡ್ತಾರಂತೆ." ಪಟ್ಟಿಯಿಂದ ಕಣ್ಣು ತೆಗೆಯದೆ ಹೇಳಿದ, "ಈ ರೇಟಿಗೆ ಇಂಥ ಸೌಂಡ್ ಎಲ್ಲೂ ಸಿಗಲ್ಲ ಅಂದೆ. ನಾಲ್ಕೇ ನಿಮಿಷ, ದುಡ್ಡು ಕೊಟ್ಟು ತಗೊಂಡು ಹೋದ್ರು. ನಿಜ ಹೇಳಿದ್ರೆ ಇಷ್ಟು ಬೇಗ ಹೋಗುತ್ತೆ ಅಂತ ನನಗೆ ಮೊದಲೇ ಗೊತ್ತಿತ್ತು. ಅದಕ್ಕೇ ಇಷ್ಟು ದಿನ ಯಾರಿಗೂ ಹೇಳಿರ್ಲಿಲ್ಲ."

"ಎಷ್ಟು ಜನರಿಗೆ ಬಾಸ್ ಒಡೆಯುತ್ತೆ ಅಂದಿದ್ರಿ?"

"ಹದಿನೇಳು." ಸ್ವಲ್ಪ ತಡೆದು, "ಇಬ್ಬರಿಗೆ ಬಣ್ಣ ಬಿಡುತ್ತೆ ಅಂದಿದ್ದೆ," ಎಂದ.

ನನಗೆ ನಗು ಬಂತು. ಅವನು ನಗಲಿಲ್ಲ.

"ಕೊಡೋ ಮುಂಚೆ ರೀಸೆಟ್ ಮಾಡಬೇಕಿತ್ತು. ಬಟನ್ನು ಹತ್ತು ಸೆಕೆಂಡು ಒತ್ತಿ ಹಿಡಿದ್ರೆ ಅದರೊಳಗಿರೋ ಫೋನುಗಳ ಹೆಸರೆಲ್ಲ ಅಳಿಸಿಹೋಗುತ್ತೆ. ಎರಡು ಸಲ ಎಂಟಕ್ಕೇ ಬಿಟ್ಟೆ. ಟೀಚರ್ ಕೇಳಿದ್ರು, ಏನಪ್ಪಾ, ಬೆರಳು ನೋಯ್ತಿದೆಯಾ ಅಂತ."

ಕೌಂಟರಿನ ಮೇಲೆ ಲಕೋಟೆ ಇಟ್ಟೆ. "ನಿಮಗೆ ಟ್ಯಾಕ್ಸ್ ಬೀಳಲ್ಲ."

"ಗೊತ್ತು."

"ಯಾವಾಗಿಂದ ಗೊತ್ತು?"

"ಮೊದಲನೇ ಗುರುವಾರದಿಂದ."

"ಆ ಕಣ್ಣಿನ ಆಪರೇಷನ್ನು?"

"ಅಮ್ಮನಿಗೆ ಕಣ್ಣು ಚೆನ್ನಾಗೇ ಇದೆ. ಸೂಜಿಗೆ ದಾರ ನನಗಿಂತ ಬೇಗ ಪೋಣಿಸ್ತಾಳೆ."

"ನಾನು ಅದಕ್ಕೋಸ್ಕರ ಅರವತ್ತು ಪುಟ ಓದಿದೆ!"

ಯಜಮಾನರು ಕನ್ನಡಕದ ಮೇಲಿಂದ ನೋಡಿದರು. ಅವನು ಪಟ್ಟಿಯನ್ನು ಮಿಕ್ಸಿಯ ಮೇಲಿಟ್ಟು, ಲಕೋಟೆ ಎತ್ತಿಕೊಂಡು, "ಐದು ನಿಮಿಷ ಸರ್," ಎಂದು ಬಾಗಿಲು ತಳ್ಳಿ ಹೊರಗೆ ನಡೆದ. ನಾನು ಹಿಂದೆ ಹೋದೆ. ಹತ್ತು ತಿಂಗಳಲ್ಲಿ ಅವನು ಆ ಎಂಟು ಹೆಜ್ಜೆ ದಾಟಿದ್ದು ಅದೇ ಮೊದಲು. ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು ಗಾಜಿನ ಕಡೆ ನೋಡಿದ.

"ಇಲ್ಲಿಂದ ಒಳಗೆ ಇಷ್ಟೊಂದು ಕಾಣುತ್ತಾ?"

"ಎಲ್ಲ ಕಾಣುತ್ತೆ. ಏಣಿ ಮೇಲಿಂದ ಒಂದ್ಸಲ ಬೀಳೋದ್ರಲ್ಲಿದ್ರಿ."

ಅವನ ಕಿವಿ ಕೆಂಪಾಯಿತು. ಕೈಯಲ್ಲಿದ್ದ ಲಕೋಟೆಯನ್ನು ಮಡಚಿದ, ಬಿಡಿಸಿದ.

"ಇದನ್ನ ಫಾರಂಗೆ ಅಂತ ಕೊಡಲಿಲ್ಲ," ಎಂದ. "ಸ್ಟಾಕ್ ಎಣಿಕೆ ಬರ್ತಿತ್ತು, ಸ್ಪೀಕರ್ ಹೋಗುತ್ತೆ, ಆಮೇಲೆ ನೀವು ಯಾಕೆ ಬರ್ತೀರಿ? ಅಷ್ಟರೊಳಗೆ ಹೇಳಬೇಕು ಅನ್ನಿಸ್ತು. ಆದ್ರೆ ಹೇಳೋ ಮುಂಚೆ ನಿಮಗೆ ನನ್ನ ಸಂಬಳ ಗೊತ್ತಿರ್ಲಿ ಅಂತ. ನಿಮ್ಮ ಕೈಯಲ್ಲಿ ದಿನಾ ದೊಡ್ಡ ದೊಡ್ಡ ಸಂಬಳ ಹಾದುಹೋಗುತ್ತೆ. ಬಾಯಿಬಿಟ್ಟು ಇಷ್ಟೇ ಅನ್ನೋಕೆ ನಾಚಿಕೆ ಆಯ್ತು. ನೀವು ಓದ್ತೀರಿ, ಲೆಕ್ಕ ಹಾಕ್ತೀರಿ, ಬೇಡ ಅನ್ನಿಸಿದ್ರೆ ಈ ಗುರುವಾರ ಬರಲ್ಲ. ನಿನ್ನೆ ನೀವು ಬರೋ ಹೊತ್ತಾದ್ರೂ ಸ್ಪೀಕರ್ ಸದ್ದು ಮಾಡಲಿಲ್ಲ. ಓದಿದ್ರು ಅಂದ್ಕೊಂಡೆ."

"ಓದಿರ್ಲಿಲ್ಲ. ಫೋನ್ ಸತ್ತಿತ್ತು."

"ಈಗ?"

ನಾನು ಫೋನು ತೆಗೆದು ನನ್ನ ಖಾತೆ ತೋರಿಸಿದೆ. ಅವನು ಅಂಕಿಯನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಅಂಕಿಯನ್ನು ನೋಡಿದ.

"ಇದ್ರಲ್ಲಿ ಎರಡು ಸ್ಪೀಕರ್ ಬರ್ತಿತ್ತಲ್ಲ!"

"ನವೆಂಬರಿನಿಂದ ಒಂದು ಬರ್ತಿತ್ತು."

"ಮತ್ತೆ ಪ್ರತಿ ವಾರ ಬಂದು, ಇನ್ನೂ ಇಳಿದಿಲ್ವಾ ಅಂತ ಮುಖ ಸಪ್ಪೆ ಮಾಡ್ಕೊಂಡು ಹೋಗ್ತಿದ್ದದ್ದು?"

"ಇಳಿದಿದ್ರೆ ತಗೋಬೇಕಾಗ್ತಿತ್ತು."

ಅವನು ಈಗ ನಕ್ಕ. ತಡೆದು ತಡೆದು ಶುರುವಾಗಿ, ಕೊನೆಗೆ ಬೆಂಚೇ ಅಲುಗುವ ಹಾಗೆ. ನನ್ನ ಬಸ್ಸು ಬಂತು, ಬಾಗಿಲು ತೆರೆಯಿತು, ಡ್ರೈವರ್ ನನ್ನನ್ನೇ ನೋಡಿದ. ನಾನು ಏಳಲಿಲ್ಲ. ಬಾಗಿಲು ಮುಚ್ಚಿ ಬಸ್ಸು ಹೋಯಿತು.

"ಮೇಡಮ್, ಒಂದು ಡೌಟು."

"ಮೇಡಮ್ ಬಿಟ್ಟು ಕೇಳಿ."

"ಕಡಿಮೆ ಸಂಬಳ, ಮೂರು ವರ್ಷದ ಟ್ರೇನಿ, ಹತ್ತೊಂಬತ್ತು ಜನರಿಗೆ ಸುಳ್ಳು ಹೇಳಿದ್ದಾನೆ. ಇಂಥವನು ಒಬ್ಬರನ್ನ ಇಷ್ಟಪಟ್ಟರೆ, ಅವರು ಒಪ್ಪೋ ಛಾನ್ಸ್ ಎಷ್ಟು?"

"ಇದಕ್ಕೆ ಸುತ್ತೋಲೆ ನೋಡಬೇಕಾಗುತ್ತೆ," ಎಂದೆ.

"ಎಷ್ಟು ಪುಟ?"

"ಒಂದೇ. ನಿನ್ನೆ ಎರಡು ಸಲ ಓದಿದೆ. ತಿಂಗಳಿಗೆ ಮುನ್ನೂರು ಓದ್ತೀನಿ, ಇನ್ಯಾವುದನ್ನೂ ಎರಡು ಸಲ ಓದಿಲ್ಲ." ಉಳಿದದ್ದನ್ನೂ ಹೇಳಿಯೇಬಿಟ್ಟೆ. "ನನಗೂ ನೀವು ಇಷ್ಟ. ಜೂನಿನಿಂದ."

ಅವನು ನನ್ನ ಕೈ ಹಿಡಿದ. ಹಿಡಿದವನು ಹತ್ತು ಸೆಕೆಂಡಾದರೂ ಬಿಡಲಿಲ್ಲ. ಒಳಗಿಂದ ಯಜಮಾನರು ಗಾಜಿನ ಮೇಲೆ ಟಕಟಕ ಕುಟ್ಟುವವರೆಗೂ ಬಿಡಲಿಲ್ಲ.

ಸೋಮವಾರ ಸ್ಟಾಪಿಗೆ ಬಂದಾಗ ಆರು ಹತ್ತು. ಶೆಲ್ಫಿನ ಆ ಚೌಕದಲ್ಲಿ ಒಂದು ಹೇರ್ ಡ್ರೈಯರ್ ಬಂದು ಕೂತಿತ್ತು. ನನ್ನ ಫೋನಿನ ಬ್ಲೂಟೂತ್ ಆಫ್ ಆಗಿತ್ತು. ಅವನು ಬೆನ್ನು ಹಾಕಿ, ಮಂಡಿಯೂರಿ ಕೂತು, ಒಂದು ಫ್ಯಾನಿನ ರೆಕ್ಕೆ ಜೋಡಿಸುತ್ತಿದ್ದ. ನಾನು ಸದ್ದು ಮಾಡದೆ ನಿಂತೆ, ವೇಳಾಪಟ್ಟಿಯ ಕಡೆ ತಿರುಗದೆ.

ಅವನು ಸ್ಪ್ಯಾನರ್ ಕೆಳಗಿಟ್ಟು, ತಲೆ ಎತ್ತಿ, ತಿರುಗಿ ನೆಟ್ಟಗೆ ನನ್ನ ಕಡೆ ನೋಡಿದ.

ಅಂದು ಮನೆ ತಲುಪಿದಾಗ ಬ್ಯಾಟರಿಯಲ್ಲಿ ಮೂರು ಪರ್ಸೆಂಟ್ ಹೆಚ್ಚೇ ಉಳಿದಿತ್ತು.