ಟಾಫಿಯ ಕತ್ತಿನ ಚಿಪ್

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಮ್ಮ ಬೆಕ್ಕು ಟಾಫಿ ಕಳೆದುಹೋದಾಗ, ಮ್ಯಾನಿಟೋಬಾದ ನಮ್ಮೂರಲ್ಲಿ ಎಲ್ಲರೂ ಮಾಡುವಂತೆ, ಅದು ಹೇಲುತ್ತಿದ್ದ ಮರಳಿನ ತಟ್ಟೆಯನ್ನು ತೊಳೆಯದೆ ಬಾಗಿಲಾಚೆ ಇಟ್ಟೆ. ವಾಸನೆ ಹಿಡಿದು ಮನೆಗೆ ಬರುತ್ತದೆ ಎನ್ನುತ್ತಾರೆ. ಒಂಬತ್ತನೆಯ ದಿನ ಮಧ್ಯಾಹ್ನ ನೋಡಿದರೆ, ಟಾಫಿ ತಟ್ಟೆಯಲ್ಲೇ ಕೂತು ಆ ಮರಳನ್ನು ನೆಕ್ಕುತ್ತಿತ್ತು. ಎತ್ತಿಕೊಂಡೆ. ಒದ್ದೆ ಚರ್ಮ ಮಾಂಸದ ಮೇಲೆ ಜಾರಿತು. ಬಾಯಿಂದ ಕೊಳೆತ ಮೀನಿನ ನಾತ. ಒಲೆಯ ಪಕ್ಕ ಕೂರಿಸಿದರೂ ಮೈ ಬೆಚ್ಚಗಾಗಲಿಲ್ಲ.

ಗಂಡ ಎಲ್ವುಡ್ ಮೂಗು ಮುಚ್ಚಿಕೊಂಡ. “ಥೂ! ಇದು ನಮ್ದಲ್ಲ ಕಣೇ, ಆಚೆ ಬಿಡು.”

“ಸುಮ್ನಿರು ಮಾರಾಯ, ಚಿಪ್ ನೋಡ್ಸಿದ್ರೆ ಗೊತ್ತಾಗುತ್ತೆ.”

ಮರಿಯಾಗಿದ್ದಾಗ ಟಾಫಿಯ ಕತ್ತಿನ ಚರ್ಮದಡಿ ಅಕ್ಕಿಕಾಳಿನಷ್ಟು ಗುರುತಿನ ಚಿಪ್ ಹಾಕಿಸಿದ್ದೆವು. ಪಶುವೈದ್ಯೆ ಇಂಗ್ರಿಡ್ ಚಿಪ್ ಓದುವ ಯಂತ್ರವನ್ನು ಕತ್ತಿನ ಮೇಲೆ ಆಡಿಸಿದಳು, ಸದ್ದಿಲ್ಲ. ಹೊಟ್ಟೆಯ ಹತ್ತಿರ ಪೀಂ ಎಂದಿತು.

“ನಂಬರ್ ನಿಮ್ದೇ,” ಎಂದಳು ಮುಖ ಸಿಂಡರಿಸಿ. “ಆದ್ರೆ ಚಿಪ್ ಇಷ್ಟು ಕೆಳಗೆ ಇಳಿಯಲ್ವಲ್ಲ!”

ನಂಬರ್ ನಮ್ಮದೇ ಅಲ್ಲವೇ, ಮನೆಗೆ ತಂದೆವು. ಮರುದಿನ ಬೆಳಿಗ್ಗೆ ತಟ್ಟೆಯ ಮರಳು ಸೋಸುವಾಗ ಮೆತ್ತನೆಯ ಮುದ್ದೆಯೊಂದು ಒಡೆಯಿತು. ಒಳಗೆ ಬೆಕ್ಕಿನ ಮೂರು ಉಗುರು, ಜೊತೆಗೆ ಆ ಚಿಪ್. ನಾವು ಮನೆಗೆ ತಂದಿದ್ದ ಆ ಪ್ರಾಣಿ ಪಕ್ಕಕ್ಕೆ ಬಂದು ಕೂತು, ನಿಧಾನವಾಗಿ ನನ್ನ ಕೈಬೆರಳು ನೆಕ್ಕತೊಡಗಿತು.