ಸೆಮಿಸಿಯ ಹಾಡುಗಳು

ನಮ್ಮ ಟೋಂಗಾದ ಚರ್ಚಿನಲ್ಲಿ ಹಾಡು ಕಲಿಸುತ್ತಿದ್ದ ಸೆಮಿಸಿ ತಾನು ಕಟ್ಟಿದ ಹಾಡುಗಳನ್ನೆಲ್ಲ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಇಟ್ಟಿದ್ದ. ಅದು ಕೆಡುವ ಮುಂಚೆ ಚರ್ಚಿನ ಕಂಪ್ಯೂಟರಿಗೆ ದಾಟಿಸಿಕೊಡೆಂದು ವರ್ಷವಿಡೀ ನನ್ನನ್ನು ಕೇಳಿದ. ನಾನು ನಾಳೆ ನಾಳೆ ಎಂದೆ. ಅವನನ್ನು ಮಣ್ಣು ಮಾಡಿದ ಮರುವಾರ ಚರ್ಚಿನ ಕಂಪ್ಯೂಟರನ್ನೂ ಒಂದು ಕೇಬಲನ್ನೂ ಹೊತ್ತು ಹೋದೆ.

“ಈಗ ಪುರುಸೊತ್ತಾಯ್ತೇನಪ್ಪಾ ನಿಂಗೆ?” ಎಂದಳು ಅವನ ಹೆಂಡತಿ ಅನಾಸೀನಿ.

ಎರಡನ್ನೂ ಕೇಬಲಿನಿಂದ ಜೋಡಿಸಿದೆ. ಮಟಮಟ ಮಧ್ಯಾಹ್ನದ ಸೆಕೆಯಲ್ಲೂ ಸೆಮಿಸಿಯ ಕೀಲಿಮಣೆ ತಣ್ಣಗೆ ಕೊರೆಯುತ್ತಿತ್ತು. ಹಾಡುಗಳ ಹೆಸರು ಒಂದೊಂದಾಗಿ ಚರ್ಚಿನ ಕಂಪ್ಯೂಟರಿನ ಪರದೆಗೆ ಬಂದವು. ಅವನು ನಮಗೆ ಕಲಿಸಿದ್ದೆಲ್ಲ ಮುಗಿದರೂ ಹೆಸರುಗಳು ನಿಲ್ಲಲಿಲ್ಲ.

ಅನಾಸೀನಿ ಬಗ್ಗಿ ಓದಿದಳು. “ಇವನ್ನ ಅವ್ನು ಬರ್ದೇ ಇರ್ಲಿಲ್ಲ ಕಣೋ. ಬರೀಬೇಕು ಅಂತ ಆಸ್ಪತ್ರೆಯಲ್ಲಿ ಹೇಳ್ತಿದ್ದ ಹಾಡುಗಳು.”

ನಾನು ಹೆದರಿ ಕೇಬಲ್ ಕಿತ್ತೆ. ಅದು ನನ್ನ ಕೈಯಲ್ಲೇ ಇತ್ತು. ಆದರೂ ಹೆಸರುಗಳು ಸಂಜೆಯವರೆಗೂ ಬರುತ್ತಲೇ ಇದ್ದವು.