ಇರುವಂತಿ ಓಗೊಟ್ಟ ದಿನ

ಬಹಳ ಹಿಂದೆ, ಮರಗಳೂ ರಾಜನಿಗೆ ಎದುರು ಮಾತಾಡುತ್ತಿದ್ದ ಕಾಲದಲ್ಲಿ, ಹೊಂಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಬೆಟ್ಟದ ಮೇಲೆ ಶಿಲಾನೇತ್ರನೆಂಬ ಮಾಂತ್ರಿಕನಿದ್ದ. ಮಾತು ಬಾರದ ಮಕ್ಕಳನ್ನು ಹುಡುಕಿಕೊಂಡು, ಅವರಿಗೆ ಹತ್ತು ತುಂಬಿದ ದಿನ ಬರುತ್ತಿದ್ದ. ಎರಡು ಸಲ ತಾನು ಕರೆದು, ಮೂರನೆಯ ಕರೆಯನ್ನು ಮನೆಯವರಿಗೆ ಬಿಡುತ್ತಿದ್ದ. ಮಗು ಓಗೊಡದಿದ್ದರೆ ಒಯ್ದು ಕಲ್ಲು ಮಾಡಿ ತನ್ನ ತೋಟದಲ್ಲಿ ನಿಲ್ಲಿಸುತ್ತಿದ್ದ. "ಒಂದು ಮಗು ಓಗೊಟ್ಟರೂ ನಾನೇ ಕಲ್ಲಾಗುತ್ತೇನೆ" ಎಂದು ಜಂಭ ಬೇರೆ! ಹಾಗೆ ಹನ್ನೊಂದು ಮಕ್ಕಳು ಹೋದರು. ಪ್ರತಿ ಸಲವೂ ರಾಜ ನಿಟ್ಟುಸಿರು ಬಿಟ್ಟು ಊಟಕ್ಕೆ ಏಳುತ್ತಿದ್ದ.

ಆಮೇಲೆ ಅವನ ಸ್ವಂತ ಮಗಳು ಇರುವಂತಿಗೆ ಒಂಬತ್ತು ತುಂಬಿತು. ಅವಳು ಮಾತಾಡುತ್ತಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ. ಕಿಟಕಿಯ ಬಳಿ ಕೂತು ದಿನವಿಡೀ ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದಳು. ಈಗ ರಾಜನಿಗೆ ಊಟ ಸೇರಲಿಲ್ಲ.

ಮೂವರು ಪಂಡಿತರು ಬಂದರು. ಮೊದಲನೆಯವನು ಕಿವಿಯ ಬಳಿ ಜಾಗಟೆ ಬಡಿದ. ಮಗು ಕಿವಿ ಮುಚ್ಚಿಕೊಂಡಿತು. ಎರಡನೆಯವನು ಕಜ್ಜಾಯದ ಆಸೆ ತೋರಿಸಿದ. ಮಗು ಕಜ್ಜಾಯ ತಿಂದು ಸುಮ್ಮನಾಯಿತು. ಮೂರನೆಯವನು ಮಹಾ ಬುದ್ಧಿವಂತ. ತೂಗಾಟ ನಿಲ್ಲಲಿ ಎಂದು ಮಗುವನ್ನು ಪೀಠಕ್ಕೆ ಕಟ್ಟಿಸಿದ. ಅದು ಸಂಜೆಯವರೆಗೂ ಅತ್ತಿತು. ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕೊನೆಗೆ ಹಾಡು ಕಲಿಸುವ ದೇವೀರಜ್ಜಿ ತಂಬೂರಿ ಹಿಡಿದು ಬಂದಳು. ಕಟ್ಟು ಬಿಚ್ಚಿಸಿ, ಮಗುವನ್ನು ಬಹಳ ಹೊತ್ತು ನೋಡಿದಳು.

"ದೊರೆಗಳೇ, ಮಗು ತಾಳ ಹಾಕ್ತಾ ಇದೆ. ಅದಕ್ಕೆ ಸರಿಯಾಗಿ ಹಾಡೋಕೆ ನಮಗೇ ಬಂದಿಲ್ಲ ಅಷ್ಟೆ."

ಅಜ್ಜಿ ಇರುವಂತಿಯ ತೂಗಾಟಕ್ಕೆ ತಕ್ಕಂತೆ ಹಾಡಿದಳು. ಮಗು ಬೇಗ ತೂಗಿದರೆ ಬೇಗ, ನಿಧಾನವಾದರೆ ನಿಧಾನ. "ಸ ನಿ ದ ಪ ಮ ಗ ರಿ..." ಎಂದು ಇಳಿದು ಬಂದು, ಕೊನೆಯ 'ಸ' ಹಾಡದೆ ಕಾಯುತ್ತಿದ್ದಳು. ಮಗುವಿನಿಂದ ಏನೂ ಬರುತ್ತಿರಲಿಲ್ಲ. ಅಜ್ಜಿ ಬೇಸರಿಸದೆ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಏಳನೆಯ ತಿಂಗಳು ಇರುವಂತಿ ತಾನಾಗಿ ಎದ್ದು ಬಂದು ತಂಬೂರಿಯ ಬುರುಡೆಗೆ ಕೆನ್ನೆ ಇಟ್ಟಳು. ಅಂದು ಅಜ್ಜಿ ಮನೆಗೆ ಹೋಗಿ ಪಾಯಸ ಮಾಡಿಕೊಂಡಳು.

ಹತ್ತು ತುಂಬಿದ ದಿನ ಬಂತು. ತುಂಬಿದ ಸಭೆಗೆ ಶಿಲಾನೇತ್ರ ಇಳಿದು ಬಂದ. "ಇರುವಂತೀ!" ಎಂದು ಗುಡುಗಿದ. ಮಗು ತಿರುಗಲಿಲ್ಲ. ಆಮೇಲೆ ರಾಣಿಯ ದನಿಯನ್ನೇ ಕದ್ದು, "ಇರುವಂತೀ, ಬಾರಮ್ಮ" ಎಂದ. ಮಗು ಹೆದರಿ ಜೋರಾಗಿ ತೂಗತೊಡಗಿತು.

"ಇನ್ನೊಂದೇ ಕರೆ. ಕರೀರಿ ರಾಣಿಯವರೇ" ಎಂದು ನಕ್ಕ.

ರಾಣಿ ಪದ್ಮಲೆ ಬಾಯಿ ತೆರೆದಳು. ಹತ್ತು ವರ್ಷ ಕರೆದು ಕರೆದು ಸೋತ ಬಾಯಿ ಅದು. ಅವಳು ಅಜ್ಜಿಯ ಕಡೆ ತಿರುಗಿದಳು.

"ಅಜ್ಜೀ, ನನ್ನ ಬದಲು ನೀವು ಕರೀರಿ."

ಅಜ್ಜಿ ಹೆಸರು ಹಿಡಿದು ಕರೆಯಲಿಲ್ಲ. ಆ ಜೋರು ತೂಗಾಟಕ್ಕೆ ಸಮನಾಗಿ ಹಾಡು ಹಿಡಿದಳು, ಮೆಲ್ಲಮೆಲ್ಲನೆ ನಿಧಾನಿಸಿದಳು. ಮಗುವೂ ನಿಧಾನಿಸಿತು.

"ಸ ನಿ ದ ಪ ಮ ಗ ರಿ..."

ಮಾಂತ್ರಿಕ ಕೈ ಚಾಚಿದ.

"ಸಾ..." ಎಂದಳು ಇರುವಂತಿ.

ಚಾಚಿದ ಕೈ ಹಾಗೇ ಕಲ್ಲಾಯಿತು. ಆಮೇಲೆ ಭುಜ, ಆಮೇಲೆ ನಗು. ಬೆಟ್ಟದ ತೋಟದಿಂದ ಹನ್ನೊಂದು ಮಕ್ಕಳು ಮೈ ಕೊಡವಿಕೊಂಡು ಇಳಿದು ಬಂದರು. ರಾಜ ಬರಿಗಾಲಲ್ಲಿ ಹನ್ನೊಂದು ಮನೆಗೂ ಹೋಗಿ ಕ್ಷಮೆ ಕೇಳಿದ, ಎಲ್ಲರೂ ಕ್ಷಮಿಸಲಿಲ್ಲ. ಆ ಮಕ್ಕಳಿಗೆಂದು ಅರಮನೆಯಲ್ಲೇ ಹಾಡಿನ ಶಾಲೆ ತೆರೆಯಿತು. ಅಲ್ಲಿ ಅಲ್ಲಾಡದೆ ಕೂರು ಎಂದು ಯಾರೂ ಗದರುತ್ತಿರಲಿಲ್ಲ.

ಇರುವಂತಿಗೆ ಮಾತು ಬಂತೇ? ಬರಲಿಲ್ಲ. ಶಾಲೆಯ ಮೊದಲ ದಿನ ಮಕ್ಕಳ ಹಿಂದೆ ರಾಣಿ ಬಂದು ಕೂತಳು.

"ನೀವ್ಯಾಕೆ ತಾಯಿ ಇಲ್ಲಿ?" ಎಂದಳು ಅಜ್ಜಿ.

"ನನಗೂ ಕಲಿಸಿ ಅಜ್ಜೀ. ನನ್ನ ಮಗಳನ್ನ ನಾನೇ ಕರೀಬೇಕು."

ರಾಣಿಯದು ಒಡಕು ಕಂಠ, ಶ್ರುತಿಗೆ ನಿಲ್ಲಲು ಒಂದು ವರ್ಷ ಹಿಡಿಯಿತು. ಒಂದು ಬೆಳಿಗ್ಗೆ ಅವಳು ಕರೆದಳು, ಮಗಳು ಓಗೊಟ್ಟಳು. ಅಂದಿನಿಂದ ಅವರ ಮನೆಯಲ್ಲಿ ಸುಖಕ್ಕೆ ಕೊರತೆಯಾಗಲಿಲ್ಲ.